ಗೇರ್ ಬೀಳ್ತಿಲ್ಲ ಅಂತ ಸ್ಕ್ರೂ ತಿರುಗಿಸಬೇಡಿ, ಮೊದಲು ಕೇಬಲ್ ನೋಡಿ

ಮೈಸೂರಿನಲ್ಲಿ ಬೆಳಗ್ಗೆ ಲಲಿತಮಹಲ್ ರಸ್ತೆ, ಚಾಮುಂಡಿ ಬೆಟ್ಟದ ರಸ್ತೆ, ರಿಂಗ್ ರೋಡ್ ಎಲ್ಲಿ ನೋಡಿದರೂ ಹೊಸ ರೋಡ್ ಬೈಕ್‌ಗಳು, ಅಂದರೆ ರಸ್ತೆಯಲ್ಲಿ ವೇಗವಾಗಿ ಓಡಿಸೋ ಗೇರ್ ಸೈಕಲ್‌ಗಳು, ಕಾಣ್ತವೆ. ತುಂಬಾ ಖುಷಿಯ ವಿಷಯ. ಆದರೆ ತಗೊಂಡ ಒಂದೆರಡು ತಿಂಗಳಿಗೇ ದೂರುಗಳು ಶುರುವಾಗ್ತವೆ: ಗೇರ್ ಕಟಕಟ ಅನ್ನುತ್ತೆ, ಒಂದು ಒತ್ತಿದರೆ ಎರಡು ಹಾರುತ್ತೆ, ಬ್ರೇಕ್ ಹಿಡಿದರೆ ಕೀರಲು ಶಬ್ದ. ಆಗ ಹೊಸಬರು ಯೂಟ್ಯೂಬ್ ನೋಡಿಕೊಂಡು ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸೋ ಭಾಗ) ಮೇಲಿರೋ ಎರಡು ಪುಟ್ಟ ಸ್ಕ್ರೂಗಳಿಗೆ ಕೈ ಹಾಕ್ತಾರೆ. ನನ್ನ ಮನವಿ ಒಂದೇ: ಆ ಸ್ಕ್ರೂಗಳನ್ನು ಮುಟ್ಟಬೇಡಿ. ಹೊಸ ಬೈಕಿನ ಗೇರ್ ತೊಂದರೆಗೆ ಬಹುಪಾಲು ಕಾರಣ ಕೇಬಲ್.

ಎಚ್ ಮತ್ತು ಎಲ್ ಅನ್ನೋ ಆ ಎರಡು ಸ್ಕ್ರೂಗಳು ಗೇರ್ ಹೊಂದಿಸೋಕೆ ಇರೋದಲ್ಲ, ಅವು ಬರೀ ತಡೆ. ಎಚ್ ಸ್ಕ್ರೂ ಚೈನು ಅತಿ ಸಣ್ಣ ಹಲ್ಲುಚಕ್ರ ದಾಟಿ ಫ್ರೇಮ್ ಕಡೆ ಬೀಳದ ಹಾಗೆ ತಡೆಯುತ್ತೆ. ಎಲ್ ಸ್ಕ್ರೂ ಚೈನು ಅತಿ ದೊಡ್ಡ ಚಕ್ರ ದಾಟಿ ಸ್ಪೋಕ್ ಕಡ್ಡಿಗಳೊಳಗೆ ಹೋಗದ ಹಾಗೆ ತಡೆಯುತ್ತೆ. ಎಲ್ ಸ್ಕ್ರೂ ಸಡಿಲ ಮಾಡಿಕೊಂಡು ಬೆಟ್ಟ ಹತ್ತೋಕೆ ಹೊರಟರೆ, ಕಡಿದಾದ ತಿರುವಿನಲ್ಲಿ ಕೊನೆಯ ಗೇರ್ ಹಾಕಿದ ಕ್ಷಣ ಡಿರೇಲರ್ ಕಡ್ಡಿಗೆ ಸಿಕ್ಕಿಕೊಳ್ಳಬಹುದು. ಡಿರೇಲರ್, ಅದನ್ನು ಫ್ರೇಮಿಗೆ ಹಿಡಿದಿಡೋ ಹ್ಯಾಂಗರ್, ನಾಲ್ಕಾರು ಕಡ್ಡಿ, ಕೆಲವು ಸಲ ಫ್ರೇಮೇ ಹಾಳಾಗುತ್ತೆ.

ಹಾಗಾದರೆ ಹೊಸ ಬೈಕಿನಲ್ಲಿ ಗೇರ್ ಯಾಕೆ ಕೆಡುತ್ತೆ? ಮೊದಲ ನೂರಿನ್ನೂರು ಕಿಲೋಮೀಟರ್‌ನಲ್ಲಿ ಕೇಬಲಿನ ಔಟರ್ (ಹೊರಗಿನ ಕವಚ) ತುದಿಗಳು ಕ್ಯಾಪ್‌ಗಳೊಳಗೆ ಇನ್ನಷ್ಟು ಕೂತುಕೊಳ್ತವೆ. ಅಷ್ಟರಲ್ಲೇ ಒಳಗಿನ ತಂತಿಯ ಬಿಗಿ ಕಮ್ಮಿಯಾಗುತ್ತೆ. ಒಂದು ಮಿಲಿಮೀಟರ್ ಸಡಿಲವಾದರೂ ಸಾಕು, ಚೈನು ಸರಿಯಾದ ಚಕ್ರದ ಮೇಲೆ ನಿಲ್ಲಲ್ಲ. ಇದು ಬೈಕಿನ ದೋಷ ಅಲ್ಲ, ಎಲ್ಲಾ ಹೊಸ ಬೈಕಿಗೂ ಆಗೋದೇ. ಅದಕ್ಕೇ ಕೊಳ್ಳುವಾಗಲೇ ಮೊದಲ ಸರ್ವೀಸ್ ಯಾವಾಗ, ಅದರಲ್ಲಿ ಗೇರ್ ಹೊಂದಿಸಿ ಕೊಡ್ತಾರಾ ಅಂತ ಅಂಗಡಿಯಲ್ಲಿ ಕೇಳಿಕೊಳ್ಳಿ.

ಮನೆಯಲ್ಲೇ ಮಾಡೋರಿಗೆ ಕ್ರಮ ಹೀಗಿದೆ. ಹಿಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ಸ್ಟ್ಯಾಂಡಿಗೆ ಹಾಕಿ. ಪೆಡಲ್ ತಿರುಗಿಸ್ತಾ ಅತಿ ಸಣ್ಣ ಹಲ್ಲುಚಕ್ರಕ್ಕೆ ತನ್ನಿ, ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್ ಲಿವರ್) ಇನ್ನು ಒತ್ತಲಾಗದಷ್ಟು ಕೆಳಗೆ ಬಂದಿರಬೇಕು. ಈಗ ಕೇಬಲ್ ಜೋತು ಬಿದ್ದಿದ್ದರೆ ಡಿರೇಲರಿನ ಕೇಬಲ್ ಬೋಲ್ಟ್ ಸಡಿಲಿಸಿ, ತಂತಿಯನ್ನು ಕೈಯಲ್ಲೇ ಎಳೆದು ಮತ್ತೆ ಬಿಗಿ ಮಾಡಿ. ಶಿಮಾನೋ ಕಂಪನಿಯ ಡಿರೇಲರಿನಲ್ಲಿ ಈ ಬೋಲ್ಟಿಗೆ 6ರಿಂದ 7 ನ್ಯೂಟನ್ ಮೀಟರ್ ಬಿಗಿ ಸಾಕು. ಮೈಮೇಲೆ ಬಿದ್ದು ತಿರುಗಿಸಿದರೆ ತಂತಿಯ ಎಳೆಗಳು ಅಲ್ಲೇ ಕತ್ತರಿಸಿಕೊಳ್ತವೆ.

ಆಮೇಲೆ ಒಂದೇ ಒಂದು ಕ್ಲಿಕ್ ಮಾಡಿ. ಚೈನು ಎರಡನೇ ಚಕ್ರಕ್ಕೆ ಏರಲಿಲ್ಲ ಅಂದರೆ ಕೇಬಲ್ ಸಡಿಲ. ಕೇಬಲ್ ಡಿರೇಲರಿಗೆ ಸೇರೋ ಕಡೆ ಇರೋ ಬ್ಯಾರೆಲ್ ಅಡ್ಜಸ್ಟರನ್ನು (ಬಿಗಿ ಹೊಂದಿಸೋ ತಿರುಪು) ಹಿಂದಿನಿಂದ ನೋಡ್ತಾ ಗಡಿಯಾರದ ವಿರುದ್ಧ ದಿಕ್ಕಿಗೆ ಅರ್ಧ ಸುತ್ತು ತಿರುಗಿಸಿ, ಮತ್ತೆ ನೋಡಿ. ಎರಡನ್ನೂ ದಾಟಿ ಮೂರಕ್ಕೆ ಹಾರಿದರೆ ಬಿಗಿ ಜಾಸ್ತಿ, ಗಡಿಯಾರದ ದಿಕ್ಕಿಗೆ ಕಾಲು ಸುತ್ತು. ಕೆಲವು ಡಿರೇಲರ್‌ಗಳಲ್ಲಿ ಈ ಅಡ್ಜಸ್ಟರ್ ಇರಲ್ಲ. ಆಗ ಫ್ರೇಮ್ ಮೇಲೋ ಹ್ಯಾಂಡಲ್ ಹತ್ತಿರ ಕೇಬಲ್ ಮಧ್ಯದಲ್ಲೋ ಹುಡುಕಿ. ಸರಿಯಾಗಿ ಕೂತಿದೆಯಾ ಅಂತ ತಿಳಿಯೋಕೆ ಒಂದು ಒಳ್ಳೆ ಪರೀಕ್ಷೆ ಇದೆ. ಎರಡನೇ ಗೇರಿನಲ್ಲಿ ಪೆಡಲ್ ತಿರುಗಿಸ್ತಾ, ಶಿಫ್ಟರ್ ಕ್ಲಿಕ್ ಆಗದ ಹಾಗೆ ಅದರ ಸಡಿಲ ಮುಗಿಯೋವರೆಗೆ ಮಾತ್ರ ಮೆಲ್ಲಗೆ ಒತ್ತಿ. ಚೈನು ಮೂರನೇ ಚಕ್ರಕ್ಕೆ ಸ್ವಲ್ಪ ಉಜ್ಜಿ ಸದ್ದು ಮಾಡಬೇಕು, ಕೈ ಬಿಟ್ಟ ತಕ್ಷಣ ಸದ್ದು ನಿಲ್ಲಬೇಕು. ಇಷ್ಟಾದರೆ ಉಳಿದ ಗೇರ್‌ಗಳೂ ಸಾಮಾನ್ಯವಾಗಿ ತಾವಾಗೇ ಸರಿ ಇರ್ತವೆ.

ಎಷ್ಟು ತಿರುಗಿಸಿದರೂ ಸರಿ ಹೋಗದೆ, ದೊಡ್ಡ ಚಕ್ರಕ್ಕೆ ಚೆನ್ನಾಗಿ ಏರುತ್ತೆ, ಸಣ್ಣದಕ್ಕೆ ಇಳಿಯೋಕೆ ಮಾತ್ರ ತಡ ಮಾಡುತ್ತೆ ಅಂದರೆ? ದೊಡ್ಡ ಚಕ್ರಕ್ಕೆ ಏರಿಸೋದು ನಿಮ್ಮ ಬೆರಳಿನ ಬಲ. ಸಣ್ಣದಕ್ಕೆ ಇಳಿಸೋದು ಡಿರೇಲರ್ ಒಳಗಿನ ಸ್ಪ್ರಿಂಗ್ ಒಂದೇ. ಕೇಬಲ್ ಔಟರ್ ಒಳಗೆ ಹಿಡಿದುಕೊಂಡರೆ ಬೆರಳು ಅದನ್ನೂ ಮೀರಿ ಎಳೆಯುತ್ತೆ, ಸ್ಪ್ರಿಂಗಿಗೆ ಆಗಲ್ಲ. ಮಂಡ್ಯ, ಪಾಂಡವಪುರದ ಕಡೆ ನಾಲೆ ಏರಿ ರಸ್ತೆಗಳಲ್ಲಿ ಓಡಿಸೋರಿಗೆ ಇದು ಬೇಗ ಬರುತ್ತೆ. ಡಿರೇಲರ್ ಪಕ್ಕದಲ್ಲಿ ಬಾಗಿ ಬರೋ ಔಟರಿನ ಕೊನೆಯ ತುಂಡಿಗೆ ಧೂಳು, ಮಳೆನೀರು ಸೇರಿ ಒಳಗೆ ಕೆಸರಾಗುತ್ತೆ. ಆ ತುಂಡು ಮತ್ತು ಒಳಗಿನ ತಂತಿ ಬದಲಾಯಿಸಿ, ಖರ್ಚು ಹೆಚ್ಚಿಲ್ಲ. ಗೇರಿನ ತಂತಿ 1.2 ಮಿಲಿಮೀಟರ್, ಔಟರ್ ಸಾಮಾನ್ಯವಾಗಿ 4 ಮಿಲಿಮೀಟರ್. ಔಟರ್ ಕತ್ತರಿಸಿದ ಮೇಲೆ ಒಳಗಿನ ಪ್ಲಾಸ್ಟಿಕ್ ಕೊಳವೆಯ ಬಾಯಿ ಚಪ್ಪಟೆಯಾಗಿರುತ್ತೆ. ದಬ್ಬಳ ಚುಚ್ಚಿ ದುಂಡಗೆ ಬಿಡಿಸಿ, ಆಮೇಲೆ ಕ್ಯಾಪ್ ಹಾಕಿ. ಇದೊಂದನ್ನು ಬಿಟ್ಟರೆ ಹೊಸ ಕೇಬಲ್ ಕೂಡ ಹಳೆಯದರ ಹಾಗೇ ಹಿಡಿದುಕೊಳ್ಳುತ್ತೆ.

ಇನ್ನೊಂದು ಕಾರಣ ಹ್ಯಾಂಗರ್. ಡಿರೇಲರನ್ನು ಫ್ರೇಮಿಗೆ ಹಿಡಿದಿಡೋ ಈ ತುಂಡು ಬೇಕಂತಲೇ ಮೆತ್ತನೆ ಅಲ್ಯೂಮಿನಿಯಂನಲ್ಲಿ ಮಾಡಿರ್ತಾರೆ, ಪೆಟ್ಟು ಬಿದ್ದರೆ ಫ್ರೇಮ್ ಬದಲು ಅದು ಬಾಗಲಿ ಅಂತ. ಬೈಕ್ ಬಲಕ್ಕೆ ಬಿದ್ದಿದ್ದರೆ, ಕಾರಿನ ಡಿಕ್ಕಿಯಲ್ಲಿ ಬಲಮಗ್ಗುಲಾಗಿ ಮಲಗಿಸಿ ತಂದಿದ್ದರೆ ಮೊದಲ ಅನುಮಾನ ಅದರ ಮೇಲಿರಲಿ. ಹಿಂದಿನಿಂದ ನೋಡಿ: ಡಿರೇಲರಿನ ಎರಡು ಪುಟ್ಟ ಚಕ್ರಗಳೂ ಕ್ಯಾಸೆಟ್ಟಿಗೆ (ಹಿಂದಿನ ಹಲ್ಲುಚಕ್ರಗಳ ಗುಂಪು) ಸಮಾನಾಂತರವಾಗಿ ನೇರ ನಿಂತಿರಬೇಕು. ಕೆಳಗಿನದು ಒಳಕ್ಕೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ನಾಲ್ಕು ಗೇರ್ ಸರಿ ಮಾಡಿದರೆ ಇನ್ನು ನಾಲ್ಕು ಕೆಡ್ತವೆ ಅನ್ನೋದೂ ಇದರದೇ ಗುರುತು. ಕೈಯಲ್ಲಿ ಬಗ್ಗಿಸೋಕೆ ಹೋಗಬೇಡಿ, ನೇರ ಮಾಡೋ ಟೂಲ್ ಇರೋ ಅಂಗಡಿಗೆ ಕೊಡಿ. ಪ್ರತಿ ಫ್ರೇಮಿಗೂ ಹ್ಯಾಂಗರ್ ಬೇರೆ ಬೇರೆ ಆದ್ದರಿಂದ ನಿಮ್ಮ ಬೈಕಿನದೊಂದು ಮೊದಲೇ ತರಿಸಿಟ್ಟುಕೊಳ್ಳಿ, ಬೇಕಾದಾಗ ಊರಲ್ಲಿ ಸಿಗಲ್ಲ.

ಈಗ ಬ್ರೇಕ್. ಗೇರ್ ಕೆಟ್ಟರೆ ರೈಡ್ ಹಾಳು, ಬ್ರೇಕ್ ಕೆಟ್ಟರೆ ಆಸ್ಪತ್ರೆ. ಚಾಮುಂಡಿ ಬೆಟ್ಟ ಊರಿನ ಮಟ್ಟದಿಂದ ಸುಮಾರು 300 ಮೀಟರ್ ಎತ್ತರ. ಎಲ್ಲರೂ ಹತ್ತೋ ಸಮಯದ ಬಗ್ಗೆ ಮಾತಾಡ್ತಾರೆ. ಇಳಿಯುವಾಗ ಬಸ್ಸು, ಕಾರು, ಭಕ್ತರು, ಕೋತಿಗಳು ಎಲ್ಲಾ ಅದೇ ರಸ್ತೆಯಲ್ಲೇ ಇರ್ತಾರೆ ಅನ್ನೋದು ನೆನಪಿರಲಿ.

ರಿಮ್ ಬ್ರೇಕ್ (ಚಕ್ರದ ಅಂಚಿನ ಉಂಗುರವನ್ನೇ ಹಿಡಿಯೋದು) ಇದ್ದರೆ, ಪ್ಯಾಡ್ ಒಂದು ಕಡೆ ಉಜ್ಜುತ್ತೆ ಅಂದಾಗ ಮೊದಲು ಬ್ರೇಕನ್ನಲ್ಲ, ಚಕ್ರವನ್ನು ನೋಡಿ. ಚಕ್ರದ ಅಚ್ಚಿನಲ್ಲಿರೋ ಕ್ವಿಕ್ ರಿಲೀಸ್ ಲಿವರ್ ಬಿಚ್ಚಿ, ಬೈಕನ್ನು ನೆಲದ ಮೇಲೆ ನೇರವಾಗಿ ನಿಲ್ಲಿಸಿ, ಚಕ್ರ ಪೂರ್ತಿ ಕೂತ ಮೇಲೆ ಮತ್ತೆ ಬಿಗಿ ಮಾಡಿ. ಹಲವು ಸಲ ಅಷ್ಟಕ್ಕೇ ಸರಿ ಹೋಗುತ್ತೆ. ಬ್ರೇಕ್ ಲಿವರ್ ಹ್ಯಾಂಡಲ್ ತನಕ ಬರ್ತಿದ್ದರೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಹಿಡಿದಿರೋ ಭಾಗ) ಪಕ್ಕದ, ಚಕ್ರ ಬಿಚ್ಚೋಕೆ ಪ್ಯಾಡ್ ಅಗಲಿಸೋ ಪುಟ್ಟ ಲಿವರ್ ತೆರೆದೇ ಉಳಿದಿದೆಯಾ ನೋಡಿ. ಪಂಕ್ಚರ್ ಹಾಕಿದವರು ಮುಚ್ಚೋದು ಮರೆತಿರ್ತಾರೆ. ಪ್ಯಾಡ್ ರಿಮ್ಮಿನ ಮೇಲಂಚಿಗಿಂತ ಸುಮಾರು ಒಂದು ಮಿಲಿಮೀಟರ್ ಕೆಳಗಿರಲಿ. ಟೈರಿಗೆ ತಾಗಿದರೆ ಟೈರಿನ ಪಕ್ಕವನ್ನೇ ಕೊಯ್ದು ಹಾಕುತ್ತೆ. ಪ್ಯಾಡ್ ಜಾರಿಸಿ ಹಾಕೋ ಹೋಲ್ಡರ್ ಇದ್ದರೆ ಅದರ ತೆರೆದ ಬಾಯಿ ಹಿಂದಕ್ಕಿರಬೇಕು. ಎಡ ಬಲ ಅದಲುಬದಲಾಗಿ ಬಾಯಿ ಮುಂದಕ್ಕೆ ಬಂದರೆ, ಗಟ್ಟಿಯಾಗಿ ಬ್ರೇಕ್ ಹಿಡಿದಾಗ ರಿಮ್ ಪ್ಯಾಡನ್ನು ಹೊರಗೆ ಎಳೆದುಕೊಂಡು ಹೋಗಬಹುದು.

ಕರಕರ ಸದ್ದು ಬಂದರೆ ಪ್ಯಾಡ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಮಿನುಗೋ ಚೂರುಗಳು ಕಾಣ್ತವೆ, ಅವು ನಿಮ್ಮ ರಿಮ್ಮಿನದೇ ಅಲ್ಯೂಮಿನಿಯಂ. ಗುಂಡುಪಿನ್ನಿನಿಂದ ಒಂದೊಂದನ್ನೇ ಕಿತ್ತು, ಮರಳು ಕಾಗದದಿಂದ ಪ್ಯಾಡ್ ಮೇಲ್ಮೈ ಉಜ್ಜಿ, ರಿಮ್ಮನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಮಳೆಗಾಲದಲ್ಲಿ ಇದನ್ನು ವಾರಕ್ಕೊಮ್ಮೆ ಮಾಡಿದರೂ ಜಾಸ್ತಿಯಲ್ಲ.

ಕೇಬಲ್ ವಿಷಯದಲ್ಲಿ ಒಂದು ಗಂಭೀರ ಎಚ್ಚರಿಕೆ. ಬ್ರೇಕ್ ಔಟರ್ ಒಳಗೆ ಉಕ್ಕು ಸುರುಳಿಯಾಗಿ ಸುತ್ತಿರುತ್ತೆ, ಗೇರ್ ಔಟರಿನಲ್ಲಿ ಎಳೆಗಳು ಉದ್ದಕ್ಕೆ ಇರ್ತವೆ. ಅರ್ಜೆಂಟಿಗೆ ಸಿಕ್ಕಿತು ಅಂತ ಗೇರ್ ಔಟರನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಹಿಡಿದಾಗ ಅದು ಸೀಳಿಕೊಂಡು ಬ್ರೇಕ್ ಇಲ್ಲವಾಗಬಹುದು. ಯಾರು ಹೇಳಿದರೂ ಹಾಕಬೇಡಿ. ರೋಡ್ ಬೈಕಿನ ಬ್ರೇಕ್ ತಂತಿಯ ತಲೆಯ ಆಕಾರವೂ ಮಾಮೂಲಿ ಸೈಕಲಿನದಕ್ಕಿಂತ ಬೇರೆ. ಅರದಲ್ಲಿ ಉಜ್ಜಿ ಕೂರಿಸೋ ಬದಲು ಸರಿಯಾದದ್ದನ್ನೇ ತರಿಸಿ.

ಡಿಸ್ಕ್ ಬ್ರೇಕ್ ಇರೋರಿಗೆ: ಚೈನಿಗೆ ಸ್ಪ್ರೇ ಎಣ್ಣೆ ಹೊಡೆಯಬೇಡಿ. ಗಾಳಿಯಲ್ಲಿ ಹಾರಿದ ಹನಿ ರೋಟರ್ (ಪ್ಯಾಡ್ ಹಿಡಿಯೋ ಲೋಹದ ತಟ್ಟೆ) ಮೇಲೆ ಕೂತರೆ ಬ್ರೇಕ್ ಕಿರುಚುತ್ತೆ, ಹಿಡಿತ ಹೋಗುತ್ತೆ, ಎಣ್ಣೆ ಹೀರಿದ ಪ್ಯಾಡ್ ಮತ್ತೆ ಸರಿಯಾಗೋದು ಕಷ್ಟ. ಕೇಬಲಿನ ಡಿಸ್ಕ್ ಬ್ರೇಕುಗಳಲ್ಲಿ ಬಹಳಷ್ಟಕ್ಕೆ ಒಂದು ಕಡೆಯ ಪ್ಯಾಡ್ ಮಾತ್ರ ಚಲಿಸುತ್ತೆ. ಸವೆದಾಗ ಬರೀ ಕೇಬಲ್ ಬಿಗಿ ಮಾಡಿದರೆ ಸಾಲದು, ಒಳಗಿನ ನಿಂತ ಪ್ಯಾಡನ್ನೂ ಅಲೆನ್ ಕೀಯಿಂದ ರೋಟರ್ ಹತ್ತಿರ ತರಬೇಕು. ಕೇಬಲ್ ಬದಲು ದ್ರವದ ಒತ್ತಡದಲ್ಲಿ ಕೆಲಸ ಮಾಡೋ ಹೈಡ್ರಾಲಿಕ್ ಆದರೆ ಚಕ್ರ ಬಿಚ್ಚಿದಾಗ ಲಿವರ್ ಒತ್ತಬೇಡಿ. ಶಿಮಾನೋಗೆ ಮಿನರಲ್ ಆಯಿಲ್ ಮಾತ್ರ, ಮೋಟರ್‌ಬೈಕ್ ಮೆಕ್ಯಾನಿಕ್ ಹತ್ತಿರ ಸಿಗೋ ಡಾಟ್ ಬ್ರೇಕ್ ದ್ರವ ಹಾಕಿದರೆ ಒಳಗಿನ ಸೀಲುಗಳು ಹಾಳಾಗ್ತವೆ. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ 20–25 ಕಿಲೋಮೀಟರ್ ವೇಗದಿಂದ ನಡಿಗೆಯ ವೇಗಕ್ಕೆ ಇಪ್ಪತ್ತು ಸಲವಾದರೂ ಇಳಿಸಿ. ಆಮೇಲೆ ಬೆಟ್ಟಕ್ಕೆ ಹೋಗಿ.

ಇಳಿಯುವಾಗ ಉದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಬರಬೇಡಿ, ರಿಮ್ ಮತ್ತು ಪ್ಯಾಡ್ ಸುಡ್ತವೆ. ಕೈ ಹ್ಯಾಂಡಲಿನ ಕೆಳಬಾಗಿನಲ್ಲಿರಲಿ, ಲಿವರಿಗೆ ಅಲ್ಲಿಂದಲೇ ಹೆಚ್ಚು ಬಲ ಸಿಗೋದು. ತಿರುವಿಗೆ ಮೊದಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ, ಬಿಟ್ಟು, ತಿರುಗಿ. ರಿಮ್ ಒದ್ದೆಯಾಗಿದ್ದರೆ ಮೊದಲ ಕೆಲವು ಸುತ್ತು ಪ್ಯಾಡ್ ಬರೀ ನೀರು ಒರೆಸುತ್ತೆ, ಆದ್ದರಿಂದ ಇನ್ನೂ ಬೇಗ ಮೆಲ್ಲಗೆ ಹಿಡಿಯೋಕೆ ಶುರು ಮಾಡಿ.

ಕೊನೆಯದಾಗಿ, ಚೈನಿನ ಸವೆತ ನೋಡೋಕೆ ಒಂದು ಅಡಿಯ ಸ್ಕೇಲ್ ಸಾಕು. ಒಂದು ಪಿನ್ನಿನ ಮಧ್ಯದಿಂದ ಅಳೆದರೆ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ಮಧ್ಯ ಬರಬೇಕು. ಆ ಪಿನ್ ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಚೈನು ಬದಲಾಯಿಸೋ ಕಾಲ. ಎಂಟನೇ ಒಂದು ಭಾಗ ಹೋಗೋವರೆಗೆ ಬಿಟ್ಟರೆ ಕ್ಯಾಸೆಟ್ಟಿನ ಹಲ್ಲೂ ಜೊತೆಗೇ ಸವೆದಿರುತ್ತೆ, ಹೊಸ ಚೈನು ಹಾಕಿದರೆ ಜೋರಾಗಿ ತುಳಿದಾಗ ಹಾರುತ್ತೆ, ಆಗ ಎರಡನ್ನೂ ಕೊಳ್ಳಬೇಕು.