ಟಿಸಿ ಸುಟ್ಟು ಐದು ದಿನ

ಬೆಳಗ್ಗೆ ಗೆಳೆಯರೊಬ್ಬರು ಹಾಕಿದ ಪೋಸ್ಟ್ ನೋಡಿ ಮೈ ಉರಿದುಹೋಯಿತು. ಪಾವಗಡ ಸೋಲಾರ್ ಪಾರ್ಕಿನ ಡ್ರೋನ್ ಫೋಟೋ. ಕೆಳಗೆ ‘2,050 ಮೆಗಾವ್ಯಾಟ್! ಬೆಳವಣಿಗೆ ಅಂದ್ರೆ ಇದು!’ ಅಂತ ಒಂದು ಸಾಲು. ಜೊತೆಗೆ ಮೂರು ಸೂರ್ಯನ ಚಿತ್ರ. ಲೈಕ್ ಒತ್ತಲು ಹೋದ ಬೆರಳು ಹಾಗೇ ನಿಂತಿತು. ಯಾಕಂದ್ರೆ ಮೊನ್ನೆ ಭಾನುವಾರ ತಾನೇ ಆ ಸೀಮೆಯಲ್ಲಿ ಅರ್ಧ ಚೀಲ ರಾಗಿ ಹೊತ್ತು ಗಿರಣಿಗೆ ಹೋಗಿ, ಅದೇ ರಾಗಿ ಹೊತ್ತು ವಾಪಸ್ ಬಂದವನು ನಾನು.

ದೊಡ್ಡಮ್ಮನ ಊರು. ಗಿರಣಿ ಮುಂದೆ ಹನ್ನೊಂದು ಚೀಲ, ಎರಡು ಬಕೆಟ್, ಒಂದು ಹಳೇ ಡಾಲ್ಡಾ ಡಬ್ಬಿ ಸಾಲಾಗಿ ಕೂತಿದ್ದವು. ಜನ ಒಬ್ಬರೂ ಇಲ್ಲ. ಗಿರಣಿಯವರು ಮೋಟಾರಿನ ಬೆಲ್ಟ್ ಬಿಚ್ಚಿ ಗೂಟಕ್ಕೆ ನೇತುಹಾಕಿ ಹೊರಗೆ ಕಲ್ಲಿನ ಮೇಲೆ ಕೂತಿದ್ದರು. “ಟಿಸಿ ಸುಟ್ಟು ಐದು ದಿನ ಆಯ್ತು ಸಾರ್. ಲೈನ್‌ಮನ್ ಬಂದು ನೋಡ್ಕೊಂಡು ಹೋದ. ಬರುತ್ತಂತೆ.” ಟಿಸಿ ಅಂದ್ರೆ ಊರಿಗೆ ಕರೆಂಟ್ ಇಳಿಸಿ ಕೊಡುವ, ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್. ಹೊಲದಾಚೆ ದೊಡ್ಡ ಟವರ್ ಲೈನ್ ಗುಂಯ್ ಅನ್ನುತ್ತಿತ್ತು. ಅಷ್ಟು ಕರೆಂಟು ಊರ ಪಕ್ಕದಲ್ಲೇ ಹಾದು ಹೋಗುತ್ತಿದೆ, ಡಾಲ್ಡಾ ಡಬ್ಬಿಯಲ್ಲಿದ್ದ ರಾಗಿ ಹಿಟ್ಟಾಗಲಿಲ್ಲ.

ಬೆಳವಣಿಗೆ ಅನ್ನೋದು ಕರೆಂಟ್ ಹುಟ್ಟುವ ಕಡೆ ಆಗುವುದಿಲ್ಲ ಮಾರಾಯ್ರೆ. ಅದನ್ನು ಉರಿಸುವ ಕಡೆ ಆಗುತ್ತದೆ. ಮೆಗಾವ್ಯಾಟ್ ಎಣಿಸಿ ಊರು ಉದ್ಧಾರವಾಯ್ತು ಅನ್ನುವುದು, ಪಕ್ಕದ ಮನೆಯ ಹಸು ಎಷ್ಟು ಲೀಟರ್ ಕೊಡುತ್ತೆ ಅಂತ ಲೆಕ್ಕ ಹಾಕಿ ಚಹಾ ಕುಡಿದಷ್ಟೇ ಸುಖ.

ಇದೇನು ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿತು. ಹೋಗಿದ್ದು ಎಲ್ಲಿಗೆ? ಸುಮಾರು 150 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ಬೀದಿ ದೀಪ ಬಂತು, ನಾವು ಇವತ್ತಿಗೂ ಅದನ್ನು ಹೇಳಿಕೊಂಡು ಬೀಗುತ್ತೇವೆ. ಜಲಪಾತದ ಪಕ್ಕದ ಹಳ್ಳಿಯವರು ಬುಡ್ಡಿ ದೀಪದಲ್ಲೇ ಉಂಡು ಮಲಗಿದರು. ಶರಾವತಿ ಮುಳುಗಡೆಯವರ ಕತೆ ನಿಮಗೇ ಗೊತ್ತು, ಮತ್ತೆ ಹೇಳಲ್ಲ. ಆಗ ನೀರು, ಈಗ ಬಿಸಿಲು. ತಂತಿ ಹೋಗುವ ದಿಕ್ಕು ಮಾತ್ರ ಅದೇ.

ನಮ್ಮ ಭಾವ ಇಂಜಿನಿಯರು. ಫೋನಲ್ಲಿ ಇದನ್ನೆಲ್ಲ ಹೇಳಿದ್ದಕ್ಕೆ ನಕ್ಕರು. “ಪಾರ್ಕಿನ ಕರೆಂಟ್ ದೊಡ್ಡ ಗ್ರಿಡ್‌ಗೆ ಹೋಗೋದು ಕಣೋ. ಅದಕ್ಕೂ ನಿಮ್ಮೂರ ಟಿಸಿಗೂ ಏನು ಸಂಬಂಧ?” ಭಾವ, ನಾನೂ ಅದನ್ನೇ ಹೇಳ್ತಿರೋದು! ಸಂಬಂಧ ಇಲ್ಲ. ಪ್ಯಾನೆಲ್ ಹಾಕಲು 13,000 ಎಕರೆ ಸಿಗುತ್ತೆ, ಉದ್ಘಾಟನೆಗೆ ಪೆಂಡಾಲ್ ಸಿಗುತ್ತೆ. ಕಂಬದ ಮೇಲಿನ ಒಂದು ಡಬ್ಬ ಬದಲಿಸಲು ಐದು ದಿನ ಸಾಲದು.

ಪಾರ್ಕಿಗೆ ಕೊಟ್ಟ ಜಮೀನಿಗೆ ಬಾಡಿಗೆ ಬರಲಿಲ್ವಾ ಅಂತ ಕೇಳ್ತೀರಿ. ಬಂತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ಕಾಣದ ಸೀಮೆಯಲ್ಲಿ, ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತಿದ್ದವರಿಗೆ ಅದು ಸಣ್ಣ ದುಡ್ಡಲ್ಲ. ಒಪ್ಪಿದೆ. ಆದರೆ ಜಮೀನಿದ್ದವರಿಗೆ ಬಾಡಿಗೆ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೆ? ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ?

ಕರೆಂಟ್ ಬಳಕೆ ಹೆಚ್ಚಿದರೆ ಆದಾಯ ಹೆಚ್ಚುತ್ತೋ, ಆದಾಯ ಹೆಚ್ಚಿದವರು ಕರೆಂಟ್ ಜಾಸ್ತಿ ಉರಿಸುತ್ತಾರೋ ಅಂತ ಅರ್ಥಶಾಸ್ತ್ರದವರು ಜಗಳ ಶುರುಮಾಡಿ ಐವತ್ತು ವರ್ಷ ಆಗುತ್ತಾ ಬಂತು. 1978ರಲ್ಲಿ ಅಮೆರಿಕದ ಅಂಕಿ ಇಟ್ಟುಕೊಂಡು ಇಬ್ಬರು, ಆದಾಯ ಮೊದಲು, ಇಂಧನದ ಬಳಕೆ ಆಮೇಲೆ ಅಂದಿದ್ದರು. ಇರಬಹುದು, ಅಲ್ಲಿ ಟಿಸಿ ಸುಡಲ್ವೇನೋ. ನಮ್ಮ ದೇಶದಲ್ಲಿ ಒಬ್ಬರ ಪಾಲಿಗೆ ವರ್ಷಕ್ಕೆ ಬರುವುದು ಸುಮಾರು 1,400 ಯೂನಿಟ್, ಜಗತ್ತಿನ ಸರಾಸರಿಯ ಅರ್ಧವೂ ಇಲ್ಲ. ಅದರಲ್ಲೂ ನನ್ನ ಬೆಂಗಳೂರಿನ ಫ್ಲ್ಯಾಟು ಎಷ್ಟು ನುಂಗುತ್ತೆ, ಆ ಗಿರಣಿಯೂರು ಎಷ್ಟು ನುಂಗುತ್ತೆ ಅಂತ ಬೇರೆ ಹೇಳಬೇಕಾ? ಈ ಪೋಸ್ಟ್ ಬರೆಯುವಾಗಲೂ ತಲೆ ಮೇಲೆ ಫ್ಯಾನ್ ನಾಲ್ಕರಲ್ಲಿದೆ.

ಇನ್ನೊಂದು ಹೇಳಿಬಿಡುತ್ತೇನೆ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಸಾಲದ ಟೇಬಲ್ಲಿನಲ್ಲಿದ್ದವನು ನಾನು. ಇಂಥ ಗಿರಣಿಗಳಿಗೆ ಎಷ್ಟೋ ಸಾಲ ಕೊಟ್ಟಿದ್ದೇನೆ. ಫಾರಂನಲ್ಲಿ ‘ವಿದ್ಯುತ್ ಸಂಪರ್ಕ’ ಅಂತ ಒಂದು ಕಾಲಂ. ‘ಇದೆ’ ಅಂತ ಬರೆದು ಸೀಲು ಒತ್ತುತ್ತಿದ್ದೆ. ಸಂಪರ್ಕ ಇತ್ತು ನಿಜ. ದಿನಕ್ಕೆ ಎಷ್ಟು ಗಂಟೆ ಅಂತ ಒಬ್ಬರನ್ನೂ ಕೇಳಲಿಲ್ಲ. ಕಂತು ತಪ್ಪಿದಾಗ ಮಾತ್ರ ಅವರ ಮನೆ ಬಾಗಿಲಿಗೆ ಹೋಗಿ, “ಯಾಕ್ರೀ ಗಿರಣಿ ನಿಲ್ಲಿಸಿದೀರಾ?” ಅಂತ ಗದರಿದ್ದೂ ಉಂಟು.

ಭಾನುವಾರ ಸಂಜೆ ಹೊರಟಾಗ ದೊಡ್ಡಮ್ಮ ಆ ಅರ್ಧ ಚೀಲವನ್ನು ಬಸ್ಸಿಗೇ ಹಾಕಿಸಿದರು. “ನಿಮ್ಮೂರಲ್ಲಿ ಕರೆಂಟ್ ಇರುತ್ತಲ್ಲಪ್ಪ, ಅಲ್ಲೇ ಬೀಸಿಸ್ಕೋ.” ಇವತ್ತು ನಮ್ಮ ರಸ್ತೆಯ ಗಿರಣಿಯಲ್ಲಿ ಹತ್ತು ನಿಮಿಷಕ್ಕೆ ಹಿಟ್ಟು ಮಾಡಿ ಕೊಟ್ಟ. ಬೀಸಿದ ಕೂಲಿ ಅವನ ಡಬ್ಬಿಗೆ ಬಿತ್ತು.

ಮನೆಗೆ ಬಂದು ದೊಡ್ಡಮ್ಮನಿಗೆ ಫೋನ್ ಮಾಡಿದೆ. ಟಿಸಿ ಬಂತಾ ಅಂತ ಕೇಳಿದೆ.

“ಬರುತ್ತಂತೆ” ಅಂದರು.