200 ಸೂಜಿಗೆ ಒಂದು ಸೀಟು

ಬದಿಯಡ್ಕದ ಸೆಕೆಯಲ್ಲಿ ಕೂತು ಸ್ವೆಟರ್ ಹೆಣೆಯುವವಳನ್ನು ನೋಡಿ ನಗುವವರು ನಗಲಿ. ತಪ್ಪು ನನ್ನದಲ್ಲ, ಮೈಸೂರಿನ ಅಕ್ಕನದು. ಮನೆ ಬದಲಿಸುವಾಗ ಅವಳ ಹಳೆಯ ನಿಟ್ಟಿಂಗ್ ಮೆಷಿನ್ ಇಡಲು ಜಾಗ ಸಾಲಲಿಲ್ಲ. "ತಗೊಂಡು ಹೋಗು, ನಿನಗೂ ಹೊತ್ತು ಹೋಗ್ತದೆ" ಅಂದಳು. ಬದಲಿಗೆ ಅವಳ ಮಗನಿಗೊಂದು ಸ್ವೆಟರ್ ಹೆಣೆದು ಕೊಡಬೇಕಂತೆ.

4.5 ಮಿಲಿಮೀಟರಿಗೆ ಒಂದರಂತೆ 200 ಸೂಜಿ. ಸೂಜಿಯ ಸಾಲೇ 90 ಸೆಂಟಿಮೀಟರ್, ಪೆಟ್ಟಿಗೆ ಇನ್ನೂ ಉದ್ದ. ಬಸ್ಸಿನಲ್ಲಿ ಅದನ್ನು ಮಡಿಲ ಮೇಲೆ ಅಡ್ಡ ಇಟ್ಟು ಕೂತಿದ್ದೆ. ಎದುರಿನ ಸೀಟಿನ ಅಜ್ಜ ತಿರುಗಿ, "ಯಾವ ಮೇಳ ನಿಮ್ಮದು?" ಅಂತ ಕೇಳಿದರು. ಯಕ್ಷಗಾನದ ಸಾಮಾನು ಅಂದುಕೊಂಡಿದ್ದರು. ವಿವರಿಸುವಷ್ಟು ಉಸಿರಿರಲಿಲ್ಲ. "ಹೊಸ ಮೇಳ" ಅಂದೆ.

ಮೆಷಿನ್ ಮೇಲೆ ಆಚೆ ಈಚೆ ಓಡುವ ಒಂದು ಪೆಟ್ಟಿಗೆ ಉಂಟು. ಅದಕ್ಕೆ ಕ್ಯಾರೇಜ್ ಅನ್ನುತ್ತಾರೆ. ನಮ್ಮ ಅತ್ತೆ ಮೊದಲ ದಿನವೇ ಅದಕ್ಕೆ "ತೇರು" ಅಂತ ಹೆಸರಿಟ್ಟರು. ತೇರು ನಾಲ್ಕು ಸಲ ಓಡಿತು. ಐದನೇ ಸಲ ಕರ್ರ್ ಅಂತ ನಡುದಾರಿಯಲ್ಲೇ ನಿಂತಿತು. ನಾನು ಜೋರು ಮಾಡಿ ದೂಡಿದೆ. ಎರಡು ಸೂಜಿ ಬಾಗಿದವು. ನೀವು ಹಾಗೆ ಮಾಡಬೇಡಿ.

ತಪ್ಪು ತೇರಿನದ್ದಲ್ಲ, ಸ್ಪಂಜಿನದ್ದು. ಸೂಜಿಗಳ ಮೇಲೆ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ ತೂರಿಸಿರುತ್ತಾರೆ. ಅದರ ಹೊಟ್ಟೆಯಲ್ಲಿ ಸ್ಪಂಜು. ಸೂಜಿಗಳನ್ನು ಒತ್ತಿ ತಲೆ ತಗ್ಗಿಸಿ ಕೂರಿಸುವುದೇ ಅದರ ಕೆಲಸ. ಸ್ಪಂಜು ಚಪ್ಪಟೆಯಾದರೆ ಸೂಜಿಗಳು ತಲೆ ಎತ್ತುತ್ತವೆ, ತೇರಿಗೆ ಅಡ್ಡ ನಿಲ್ಲುತ್ತವೆ. ನಮ್ಮದು ಚಪ್ಪಟೆಯ ಹಂತವನ್ನೂ ದಾಟಿತ್ತು. ಪಟ್ಟಿಯನ್ನು ಬದಿಯಿಂದ ಎಳೆದು ತೆಗೆದರೆ ಒಳಗೆ ಸ್ಪಂಜೇ ಇಲ್ಲ, ಕಪ್ಪಗಿನ ಅಂಟು. ಥೇಟ್ ಹಲಸಿನ ಮೇಣ.

ಹಲಸಿನ ಮೇಣಕ್ಕೆ ನಮ್ಮ ಕಡೆ ಏನು ಮದ್ದು? ತೆಂಗಿನೆಣ್ಣೆ. ಧಾರಾಳವಾಗಿ ಸುರಿದು ಉಜ್ಜಿದೆ. ಅಂಟು ಹೋಯಿತು. ಅಷ್ಟಕ್ಕೇ ಬಿಡಬಹುದಿತ್ತು. ಹೇಗೂ ಎಣ್ಣೆ ಉಳಿದಿದೆಯಲ್ಲ ಅಂತ ಸೂಜಿಗೂ ತೇರಿನ ಅಡಿಗೂ ಸವರಿಬಿಟ್ಟೆ.

ಇನ್ನು ಹೊಸ ಸ್ಪಂಜು ಬೇಕು. ಪೇಟೆಯಲ್ಲಿ ಆಟೋ ಸೀಟು ಹೊಲಿಯುವ ಅಂಗಡಿಗೆ ಹೋದೆ.

"ಎಂತದರ ಸೀಟು?"

"ಸೂಜಿಯದ್ದು."

ಅವನು ಕತ್ತರಿ ಕೆಳಗಿಟ್ಟ. "ಎಷ್ಟು ಜನ ಕೂರುವಂಥದ್ದು?"

"200."

ಪಟ್ಟಿ ತೋರಿಸಿದ ಮೇಲೆ ಅರ್ಥವಾಯಿತು. ಬೆರಳಗಲದ ಉದ್ದ ತುಂಡು ಕತ್ತರಿಸಿ ಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಮೆಟ್ಟಿಲು ಇಳಿಯುವಾಗ ಒಳಗಿನ ಹುಡುಗನಿಗೆ ಮಲಯಾಳದಲ್ಲಿ ಏನೋ ಹೇಳಿದ, ಇಬ್ಬರೂ ನಕ್ಕರು. ನನಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ. ಕೇಳಿಸದವಳ ಹಾಗೆ ಬಂದೆ.

ಹೊಸ ಸ್ಪಂಜಿನ ಮೇಲೆ ತೇರು ಬೆಣ್ಣೆಯ ಹಾಗೆ ಓಡಿತು, ಡಿಸೆಂಬರ್ ವರೆಗೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ತಲೆಗೆ ಹಚ್ಚಲು ಬಾಟಲಿಯನ್ನು ಒಲೆಯ ಬದಿ ಇಡುವವರು ನಾವೇ ತಾನೇ? ಆದರೂ ಮೆಷಿನ್ ವಿಷಯದಲ್ಲಿ ಅದು ನೆನಪಾಗಲಿಲ್ಲ ನೋಡಿ. ಒಂದು ಬೆಳಿಗ್ಗೆ ತೇರು ಕದಲಲೇ ಇಲ್ಲ. ಸೂಜಿಯ ಮೂತಿಯಲ್ಲಿ ಮುಚ್ಚಿ ತೆರೆಯುವ ಸಣ್ಣ ನಾಲಿಗೆ ಇರುತ್ತದೆ. ಅಷ್ಟೂ ನಾಲಿಗೆಗಳು ಎಣ್ಣೆ, ಧೂಳು, ಉಣ್ಣೆಯ ಎಳೆ ಸೇರಿ ಕಚ್ಚಿಕೊಂಡಿದ್ದವು. "ಬಿಸಿಲು ಬರಲಿ, ತೇರು ಹೊರಡ್ತದೆ" ಅಂದರು ಅತ್ತೆ. ನಿಜವಾಗಿಯೂ ಹನ್ನೊಂದು ಗಂಟೆಗೆ ಹೊರಟಿತು! ಆದರೆ ಹೆಣೆದ ಬಿಳಿ ಉಣ್ಣೆಯ ಮೇಲೆ ಉದ್ದಕ್ಕೂ ಬೂದು ಗೆರೆ.

200 ಸೂಜಿಯನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿದೆ. ಒರೆಸಿ, ಒಣಗಿಸಿ, ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ಹನಿಯಷ್ಟೇ ಮುಟ್ಟಿಸಿದೆ. ಎರಡು ದಿನ ನಮ್ಮ ಊಟಕ್ಕೂ ಸೀಮೆಎಣ್ಣೆಯ ವಾಸನೆ.

ಅಂಚಿನ ಹೊಲಿಗೆಗಳನ್ನು ಕೆಳಕ್ಕೆ ಜಗ್ಗಲು ತೂಗುಹಾಕುವ ತೂಕದ ಬಿಲ್ಲೆಗಳು ಅಕ್ಕನ ಮನೆಯಲ್ಲೇ ಕಳೆದುಹೋಗಿದ್ದವು. ಅಡಿಕೆ ಕೋಣೆಯ ಬೀಗವನ್ನೇ ತಂತಿಗೆ ಸಿಕ್ಕಿಸಿ ತೂಗುಹಾಕಿದೆ. ಹೇಳಿ ಮಾಡಿಸಿದಂಥ ತೂಕ. ಆ ರಾತ್ರಿ ಬೀಗವಿಲ್ಲದ ಅಡಿಕೆ ಕೋಣೆಯ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ನಮ್ಮವರು ಕಾವಲು ಕೂತರು. ಬೀಗ ಎಲ್ಲಿದೆ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಕಡೆಗೆ ಉಳಿದದ್ದು ಸಾಲು ಎಣಿಸುವ ಡಬ್ಬಿ. ತೇರು ಹೋದಾಗೊಮ್ಮೆ ಟಿಕ್ ಅಂತ ಒಂದು ಅಂಕಿ ಏರುತ್ತದೆ. ಕೈಯಲ್ಲೂ ತಿರುಗಿಸಬಹುದು. ನಾನು ಒಲೆ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ನಮ್ಮ ಸಣ್ಣವನು ಅದನ್ನು ತಿರುಗಿಸಿ 98ನ್ನು 58 ಮಾಡಿದ್ದಾನೆ. ನಾನು ಅಂಕಿ ನಂಬಿದವಳು. ಸುಮ್ನೆ ಹೆಣೆಯುತ್ತಾ ಹೋದೆ. ಎಡಗೈ ತೋಳಿಗೆ 40 ಸಾಲು ಜಾಸ್ತಿ ಬಿತ್ತು. ಅಂದರೆ ಸುಮಾರು ಅರ್ಧ ಗೇಣು.

ಸ್ವೆಟರನ್ನು ಹಗ್ಗಕ್ಕೆ ಹಾಕಿ ದೂರ ನಿಂತು ನೋಡಿದೆವು. ಯಾರೂ ಮಾತಾಡಲಿಲ್ಲ. ಅತ್ತೆ ಹತ್ತಿರ ಹೋಗಿ ಎರಡೂ ತೋಳನ್ನು ಹಿಡಿದು ಜೋಡಿಸಿ ನೋಡಿದರು.

"ಅಡ್ಡಿಯಿಲ್ಲ ಮಾರಾಯ್ತಿ" ಅಂದರು. "ಉದ್ದದ್ದು ಮೈಸೂರಿಗೆ. ಗಿಡ್ಡದ್ದು ಅವನು ಇಲ್ಲಿಗೆ ಬಂದಾಗ."