ನಮ್ಮ ಬಂಕಿಗೆ ಜಿಂಕ್ ಕಮ್ಮಿಯಂತೆ!

ಹಾಸನದ ನಮ್ಮ ಬೀದಿಯ ಬೋರ್‌ವೆಲ್ ನೀರು ಪೆಟ್ರೋಲ್ ವಾಸನೆ ಹೊಡೆಯುತ್ತಿದೆ. ಪಕ್ಕದ ಪೆಟ್ರೋಲ್ ಬಂಕಿನ ಟ್ಯಾಂಕು ಸೋರುತ್ತಿದೆ ಅಂತ ನಮ್ಮ ಅನುಮಾನ. ನೋಡಲು ಬಂದ ಸಾಹೇಬರು ಚೆಂಬು ಮೂಸಿ, "ಕುದಿಸಿ ಆರಿಸಿ ಕುಡೀರಿ" ಅಂದರು. ಪೆಟ್ರೋಲ್ ನೀರನ್ನು ಗ್ಯಾಸ್ ಒಲೆ ಮೇಲೆ! ಅವತ್ತಿನಿಂದ ಅಮ್ಮ ಒಲೆ ಹಚ್ಚುವ ಮುಂಚೆ ಹಾಸನಾಂಬೆಗೆ ಕೈ ಮುಗಿಯುತ್ತಾರೆ, ಗುಡಿ ಬಾಗಿಲು ಹಾಕಿದ್ದರೂ.

ಮಣ್ಣಿನ ಪರೀಕ್ಷೆಯೂ ಆಯಿತು. ಬಂಕಿನ ಟ್ಯಾಂಕು ಇರುವುದು ನೆಲದಡಿ. ಅದರ ತಳದವರೆಗೆ ಕೊರೆದು ಮಣ್ಣು ತೆಗೆಯಬೇಕು, ಗಾಜಿನ ಜಾರಿಗೆ ಜಾಗ ಬಿಡದೆ ತುಂಬಬೇಕು, ಐಸ್ ಪೆಟ್ಟಿಗೆಯಲ್ಲಿ ಒಯ್ಯಬೇಕು. ಇಲ್ಲದಿದ್ದರೆ ಪೆಟ್ರೋಲಿನಲ್ಲಿರುವ ಬೆಂಜೀನ್ ಅನ್ನೋ ವಿಷ ದಾರಿಯಲ್ಲೇ ಆವಿಯಾಗಿ ಹಾರಿಹೋಗುತ್ತದೆ. ಪರೀಕ್ಷೆಗೆ ಬಂದವರು ಬಂಕಿನ ಕ್ರೋಟನ್ ಕುಂಡದ ಪಕ್ಕ ಆರು ಇಂಚು ಕೆದಕಿ, ಬಟ್ಟೆ ಅಂಗಡಿ ಕವರಿಗೆ ತುಂಬಿ ಗಂಟು ಹಾಕಿದರು. ಗಂಟು ಮಾತ್ರ ಭದ್ರವಾಗಿತ್ತು.

ಆರು ಇಂಚಿನ ಲೆಕ್ಕ ಬಂದದ್ದು ಆಲೂಗಡ್ಡೆ ಹೊಲದಿಂದ. ಅಲ್ಲಿ 'ವಿ' ಆಕಾರದ ಗುಂಡಿ ತೋಡಿ, ಅಂಚಿನ ಮಣ್ಣು ಕೆರೆದು, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಬಿಸಾಡಿ, ಮತ್ತೆ ಪಾಲು ಮಾಡಿ, ಕೊನೆಗೆ ಅರ್ಧ ಕೆಜಿ ಉಳಿಸುತ್ತಾರೆ. ಅಚ್ಚುಕಟ್ಟು ಕೆಲಸ. 2015ರಲ್ಲಿ ರೈತರಿಗೆ ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ಬಂತು, ಹೊಲದ ಮಣ್ಣಿನ 12 ಅಂಶ ನೋಡುತ್ತಾರೆ. ನಮ್ಮ ಮಾವ ಅದನ್ನು ತಮ್ಮ ಶುಗರ್ ರಿಪೋರ್ಟಿಗಿಂತ ಜೋಪಾನವಾಗಿ ಇಟ್ಟಿದ್ದಾರೆ. ಆ 12ರಲ್ಲಿ ಬೆಂಜೀನ್ ಇಲ್ಲ. ಯಾಕಿರಬೇಕು? ಆಲೂಗಡ್ಡೆಗೆ ಯಾರು ಪೆಟ್ರೋಲ್ ಹಾಕ್ತಾರೆ?

ಬಂಕಿನ ಮಣ್ಣಿನ ವರದಿಯೂ ಬಂತು. ಸಾರಜನಕ ಪರವಾಗಿಲ್ಲ, ಜಿಂಕ್ ಕಮ್ಮಿ, ಜಿಂಕ್ ಸಲ್ಫೇಟ್ ಹಾಕಿ. ಬಂಕಿನವರಿಗೆ ಎಷ್ಟೋ ಸಮಾಧಾನ.

ಹೊಸ ಬಂಕು ಮನೆ, ಶಾಲೆಗಳಿಂದ 50 ಮೀಟರ್ ದೂರ ಇರಬೇಕೆಂದು 2020ರಲ್ಲಿ ನಿಯಮ ಬಂತು. ನಮ್ಮದು ಹಳೇ ಬಂಕು. ಹಳೇ ತುಕ್ಕು.

ಬೆಂಜೀನ್ ಕ್ಯಾನ್ಸರ್ ತರುತ್ತೆ ಸ್ವಾಮಿ. ಕುಡಿಯುವ ನೀರಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಪಕ್ಕದ ಮನೆ ಮಗುವಿಗೆ ಅದೇ ನೀರಲ್ಲಿ ಸ್ನಾನ ಮಾಡಿಸುತ್ತಿದ್ದಾರೆ. ಒಂದು ಗಾಜಿನ ಜಾರು ತರೋಕೆ ಇಷ್ಟು ದಿನ ಬೇಕಾ?

ನಿನ್ನೆ ಬಂಕಿಗೆ ಹೋಗಿದ್ದೆ. 'ಉಚಿತ ಕುಡಿಯುವ ನೀರು' ಬೋರ್ಡಿನ ಕೆಳಗೆ 20 ಲೀಟರಿನ ಕ್ಯಾನು. "ಇಲ್ಲೇ ಬೋರ್‌ವೆಲ್ ಇದೆಯಲ್ಲಪ್ಪಾ?" ಅಂದೆ. ಹುಡುಗ ಅತ್ತ ಇತ್ತ ನೋಡಿ, "ಅದು ಗಾಡಿ ತೊಳೆಯೋಕೆ ಸಾರ್" ಅಂದ.